ಒಳಗೆ ಬಿಟ್ಟ ಬಟ್ಟೆ

ಮ್ಯಾನೇಜರು ಎಂಟು ಲಕ್ಷ ಅಂದರು.
ಎಷ್ಟು ಬೇಕು ಅಂತ ನಾನು ಹೇಳಿರಲಿಲ್ಲ,
ಎಷ್ಟು ಸಿಕ್ಕೀತು ಅಂತ ಕೇಳಿದ್ದೆ, ಅಷ್ಟೆ.
ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿದರು,
ಅಂಗಡಿಯವರು ದುಬಾರಿ ಸೀರೆ ಬಿಡಿಸಿ ಹಾಸುವ ಹಾಗೆ.
ಮಡಿಕೇರಿ ಪೇಟೆಯಿಂದ ಮನೆಗಿಳಿಯುವ ತೊಂಬತ್ತೆರಡು ಮೆಟ್ಟಿಲಿಗೂ
ಆ ಎಂಟನ್ನು ಹಂಚುತ್ತ ಬಂದೆ.

ಪೂವಯ್ಯನಿಗೆ ಮಾಳಿಗೆ ಬೇಕು.
ಮಾಂದಲಪಟ್ಟಿಗೆ ಜೀಪು ಹತ್ತಿಸಿಕೊಂಡು ಹೋದವರನ್ನು
ರಾತ್ರಿ ನಮ್ಮಲ್ಲೇ ಮಲಗಿಸಬೇಕಂತೆ.
ಎರಡು ಕೋಣೆ, ಗಾಜಿನ ಕಿಟಕಿ, ಕಿಟಕಿ ತುಂಬ ಮಂಜು.
'ಮಂಜಿಗೆ ನಾವೇನು ಕೊಡುವುದಿಲ್ಲವಲ್ಲ, ಅವರು ಕೊಡ್ತಾರೆ.'
ಬೋರ್ಡಿಗೆ ಹೆಸರೂ ಇಟ್ಟಾಗಿದೆ.
ಹೇಳಲಾರೆ, ನಾಚಿಕೆ.

ಅತ್ತೆಗೆ ಬೇಕಾದ್ದು ಮನೆಯೊಳಗೆ ಒಂದು ಕಕ್ಕಸು,
ಕುರ್ಚಿಯ ಹಾಗೆ ಕೂರುವಂಥದ್ದು.
ಬಾಯಿಬಿಟ್ಟು ಕೇಳಿಲ್ಲ.
ರಾತ್ರಿ ಟಾರ್ಚು ಹಿಡಿದು ಅಂಗಳ ದಾಟುವ ಮುಂಚೆ
ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಾರೆ.
ಸಂಜೆ ಆರರ ಮೇಲೆ ನೀರು ಕುಡಿಯುವುದು ಬಿಟ್ಟಿದ್ದಾರೆ.

ಅಡುಗೆಮನೆ ಹಿಂದಿನ ಬರೆಗೆ ಏನೂ ಬೇಡ.
ಅದು ಸುಮ್ಮನೆ ಹತ್ತಿರ ಬರುತ್ತಿದೆ.

ಮೊಯ್ದು ಮೇಸ್ತ್ರಿ ಟೇಪು ಮರೆತು ಬಂದಿದ್ದರು.
ಕೊರಳಲ್ಲಿದ್ದ ನನ್ನದನ್ನೇ ಕೊಟ್ಟೆ.
ಹೆಂಗಸರ ತೋಳು, ಸೊಂಟ ಬಲ್ಲ ಅರವತ್ತಿಂಚಿನ ಟೇಪು
ಆರು ಸಲ ಮಗುಚಿ ಬರೆಯ ಅಳತೆ ತೆಗೆಯಿತು, ಕೆಂಪಾಯಿತು.
'ತಡೆಗೋಡೆ ಒಂದೂ ಎಪ್ಪತ್ತು. ಕಕ್ಕಸು ಎಂಬತ್ತು ಸಾವಿರ.
ಗೋಡೆಯಲ್ಲಿ ನೀರು ಹೋಗಲು ತೂತು ಬಿಡ್ತೇನೆ,
ಅದಕ್ಕೆ ದುಡ್ಡಿಲ್ಲ.'

ರಾತ್ರಿ ರಸೀದಿ ಪುಸ್ತಕ ತೆಗೆದೆ.
ಏಪ್ರಿಲ್, ಮೇ: ಮದುವೆಯ ಮೇಲೆ ಮದುವೆ,
ಉದ್ದ ತೋಳಿನ ಕುಪ್ಪಸ, ಅಸ್ತರು, ಸೆರಗಿಗೆ ಕುಚ್ಚು.
ಆ ಪುಟಗಳನ್ನಷ್ಟೇ ನೋಡಿದರೆ ಎಂಟು ಲಕ್ಷವೂ ಮೈಗೆ ಹಿಡಿಸೀತು.
ಬೇಗ ಮಗುಚಿದೆ.
ನನಗೆ ಬೇಕಿದ್ದದ್ದು ಕಕ್ಕಡ.

ಮದ್ದುಸೊಪ್ಪಿನ ಪಾಯಸ ತಿಂದು ಮೂತ್ರವೂ ಕೆಂಪಾಗುವ ತಿಂಗಳು.
ಮದುವೆಯಿಲ್ಲ, ಮಂಟಪಕ್ಕೆ ಬೀಗ.
ಬೆಟ್ಟದ ದಾರಿ ಬಂದು; ಜೀಪು ಶಾಲೆಮಕ್ಕಳನ್ನು ತುಂಬಿಕೊಂಡು
ಅಕ್ಕಿಯ ಮಟ್ಟಿಗೆ ದುಡಿಯುತ್ತದೆ.
ಕಂತು ಮಾತ್ರ ಆ ತಿಂಗಳೂ ಬರುತ್ತದೆ,
ಕೊಡೆ ಇಲ್ಲದೆ, ಹೇಳಿದ ದಿನವೇ.

ಹೋದ ಕಕ್ಕಡದ ಪುಟ:
ಯೂನಿಫಾರ್ಮು ಹನ್ನೊಂದು, ಫಾಲು ಒಂಬತ್ತು, ಜಿಪ್ಪು ನಾಲ್ಕು,
ಹರಿದ ಕೊಡೆಗೆ ಹೊಲಿಗೆ ಒಂದು (ಹಣ ಬಂದಿಲ್ಲ).
ಒಟ್ಟು ಐದು ಸಾವಿರದ ಒಂಬೈನೂರು.
ಅದರ ಕೆಳಗೆ ಗೆರೆ ಎಳೆದೆ.
ನನ್ನ ಸಾಲ ಇದರೊಳಗೆ ತೂರಬೇಕು,
ತೂರಿ, ಕೈ ಎತ್ತಿದಾಗ ಬಿರಿಯಬಾರದು.

'ಮಾಳಿಗೆ?' ಬೆಳಗ್ಗೆ ಪೂವಯ್ಯ ಕೇಳಿದ.
ಬೆಳೆಯುವ ಹುಡುಗಿಯರ ಬಟ್ಟೆಗೆ ಎರಡಿಂಚು ಒಳಗೆ ಬಿಡುತ್ತೇನಲ್ಲ,
ಹಾಗೆ ಕಕ್ಕಸಿನ ಕಂಬಿ ಮೇಲಕ್ಕೆ ಬಿಡಿಸೋಣ, ಅಂದೆ.
ನಗಲಿಲ್ಲ. ತೊಳೆದಿದ್ದ ಜೀಪನ್ನು ಮತ್ತೆ ತೊಳೆದ.

ಚೀಟಿ ಹಣ ಹತ್ತು ಸಾವಿರ ಇತ್ತು.
ಬ್ಯಾಂಕಿನಲ್ಲಿ ಎರಡೂ ನಲವತ್ತು ಅಂದೆ.
'ಮೂರು ಮಾಡಿ ಮೇಡಂ, ಲೆಕ್ಕ ಚೆಂದ ಕೂರುತ್ತದೆ.'
ಕಂತು ಐದು ಸಾವಿರದ ನಲವತ್ತು ಬಂತು.
ಉಳಿದ ಎಂಟುನೂರ ಅರವತ್ತು ಒಳಗೆ ಬಿಟ್ಟ ಬಟ್ಟೆ
ಅಂತ ಅವರಿಗೆ ಹೇಗೆ ಹೇಳುವುದು?
'ಇಷ್ಟೇ ಸಾಕು' ಅಂದೆ.

ಆವತ್ತು ಏಳು ಗಂಟೆಗೆ
ಅತ್ತೆ ಒಂದು ಲೋಟ ನೀರು ಕೇಳಿದರು.
ಸಾಲ ಇನ್ನೂ ಮಂಜೂರಾಗಿಲ್ಲ ಅನ್ನಲಿಲ್ಲ ನಾನು.
ಟಾರ್ಚಿಗೆ ಹೊಸ ಸೆಲ್ಲು ಹಾಕಿದೆ.