ನಾಲ್ಕು ಬೆರಳಗಲದ ಗಾದಿ

"ಎಷ್ಟು ದಿನದ ಕೂಸು?" ಅಂದಳು ದಾವಲಬಿ,
ಕೊರಳಲ್ಲಿ ಟೇಪು, ತುಟಿಯಲ್ಲಿ ಸೂಜಿ.
ಉದ್ದ ಆರು ಬೆರಳು, ಅಗಲ ನಾಲ್ಕು ಎಂದಿದ್ದೆ.
ಅಷ್ಟು ಚಿಕ್ಕ ಗಾದಿಯನ್ನು
ಬನವಾಸಿ ರಸ್ತೆಯ ಆ ಅಂಗಡಿ
ಮೂರು ತಲೆಮಾರಿನಲ್ಲಿ ಹೊಲಿದಿರಲಿಲ್ಲ.

ಕೂಸಲ್ಲ, ಕಂಪ್ಯೂಟರು ಎಂದು
ಕಿಸೆಯಿಂದ ತೆಗೆದು ತೋರಿಸಿದೆ:
ಪರದೆಯಿಲ್ಲ, ಕೀಲಿಮಣೆಯಿಲ್ಲ, ಮೈಗೊಂದು ಚಿಪ್ಪೂ ಇಲ್ಲ,
ಹಸಿರು ಹಲಗೆ, ಅದರ ಮೇಲೆ ಬೆಸುಗೆಯ ಚುಕ್ಕಿ.
ಅಂಗೈಯಲ್ಲಿಟ್ಟು ತೂಗಿದಳು.
"ಇಷ್ಟೇ ಇದ್ದು, ಚಳಿ ಬೇರೆ ಆಗ್ತದಾ ಇದಕ್ಕೆ?"
ಹಿಂಜಿದ ಅರಳೆ ಒಂದು ಹಿಡಿ ತುಂಬಿ
ಹಳೆ ಲುಂಗಿಯ ಚೌಕಳಿಯ ಮೇಲೆ
ಇರುವೆ ನಡೆದಂತೆ ಹೊಲಿಗೆ ಹಾಕಿ ಕೊಟ್ಟಳು.
ದುಡ್ಡು ಮುಟ್ಟಲಿಲ್ಲ.
ಏನು ಕಂಡಿತು ಅಂತ ಬಂದು ಹೇಳು, ಅಷ್ಟೇ.

ಹುಲೇಕಲ್ ದಾರಿಯಲ್ಲಿ ಕೈಬಿಟ್ಟ ಚಿರೆಕಲ್ಲಿನ ಕಣಿ.
ಕಲ್ಲೆಲ್ಲ ಮನೆಗಳಾಗಿ ಹೋಗಿವೆ,
ಉಳಿದದ್ದು ಮನೆಗಳಷ್ಟು ದೊಡ್ಡ ಖಾಲಿ.
ಮೂರು ಕಡೆ ಗೋಡೆ, ಮೇಲೆ ಸೂರಿಲ್ಲ,
ಶಿರಸಿ ಪೇಟೆಯ ದೀಪ ಒಳಗೆ ಇಣುಕುವುದಿಲ್ಲ.
ಪುಷ್ಯದ ರಾತ್ರಿ, ಹನ್ನೊಂದು ಡಿಗ್ರಿ.
ಬೇರೆ ದೇಶದವರು ನಕ್ಕಾರು. ನಗಲಿ.
ನಮ್ಮ ಮೈ ಹದಗೊಂಡದ್ದು ಮಳೆಗೆ, ಇದಕ್ಕಲ್ಲ.

ಚಳಿಗಿಂತ ದೊಡ್ಡ ವೈರಿ ಇಬ್ಬನಿ.
ದುರ್ಬೀನಿನ ಗಾಜಿನ ಮೇಲೆ ಬಂದು ಕೂತರೆ
ಆಕಾಶಕ್ಕೇ ಪೊರೆ ಬಂದ ಹಾಗೆ.
ಅಂಗಡಿಯ ಗುಜರಿಯಿಂದ ಹೆಕ್ಕಿದ ರೆಸಿಸ್ಟರ್‌ಗಳನ್ನು
ಸರದಂತೆ ಪೋಣಿಸಿ ಅದರ ಕುತ್ತಿಗೆಗೆ ಕಟ್ಟಿದೆ,
ಕರೆಂಟು ಹರಿದು ಅಷ್ಟೇ ಅಷ್ಟು ಬೆಚ್ಚಗೆ,
ಜ್ವರ ಬಿಡುತ್ತಿರುವ ಹಣೆ.

ಹಲಗೆ ಕ್ಯಾಮೆರಾಕ್ಕೆ ಹೇಳುತ್ತದೆ: ತೆರೆ.
ಮೂವತ್ತು ಎಣಿಸು. ಮುಚ್ಚು.
ತೆರೆ.

ನೆತ್ತಿಯ ಮೇಲೆ ಮೃಗಶಿರೆ, ಪಕ್ಕದಲ್ಲೇ ಕೆಂಪಗೆ ಆರಿದ್ರೆ.
ಇವೆಲ್ಲ ನನಗೆ ಮೊದಲಿಂದ ಮಳೆಗಳು:
ಮಿರುಗ ಹಿಡೀತು, ಆರಿದ್ರೆ ಆರದೆ ಹೊಯ್ತು ಎಂದು
ಕೊಡೆ ಮಡಚುತ್ತ ಒಳಬರುವವರ ಮಾತು.
ಗುಡುಗದೆ, ಒಂದು ಹನಿಯೂ ತೊಟ್ಟಿಕ್ಕದೆ
ಮಳೆ ಹೀಗೆ ಬಂದು ಸುಮ್ಮನೆ ನಿಂತಿರುತ್ತದೆಂದು
ಯಾರೂ ಹೇಳಿರಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಲೆಕ್ಕ ನಿಂತಿತು.
ಬೈದದ್ದು ಹಲಗೆಯನ್ನು.
ಆಮೇಲೆ ಬ್ಯಾಟರಿ ಮುಟ್ಟಿದರೆ, ಕೆರೆಯೊಳಗಿನ ಕಲ್ಲು.
ಗಾದಿ ಹೊದ್ದ ಹಲಗೆಯೋ ಕೈಸುಡುವಷ್ಟು ಬಿಸಿ.
ಚಳಿಯಾದದ್ದು ಯಾರಿಗೆ, ಹೊದಿಸಿದ್ದು ಯಾರಿಗೆ!
ಹತ್ತೊಂಬತ್ತು ವರ್ಷ
ಮೊಬೈಲು ರಿಪೇರಿ ಮಾಡಿದ ಕೈ ಇದು.

ಗಾದಿ ಬಿಚ್ಚಿ ಬ್ಯಾಟರಿಗೆ ಸುತ್ತಿದೆ. ಸಾಲಲಿಲ್ಲ.
ಉಳಿದದ್ದಕ್ಕೆ ಸ್ವೆಟರು, ಅದರೊಳಗೆ ಕಂಕುಳು.
ಅರ್ಧ ತಾಸು ಅವಚಿಕೊಂಡು ಕೂತೆ.
ದಾವಲಬಿ ಕಂಡಿದ್ದರೆ
ಮತ್ತೆ ಕೇಳುತ್ತಿದ್ದಳು, ಎಷ್ಟು ದಿನದ್ದು.

ಮರಳಿ ಜೋಡಿಸಲು ಟಾರ್ಚು ಬಿಟ್ಟರೆ ಡಬ್ಬಿಯೊಳಗೆ
ಇನ್ನೂ ಆರದ ಬಿಸಿಗೆ ಹೊಟ್ಟೆಯೊಡ್ಡಿ
ಒಂದು ಹಲ್ಲಿ. ಬಾಲ ಅರ್ಧ.
ಓಡಿಸಲು ಕಡ್ಡಿ ಹುಡುಕಿದೆ.
ಕಡ್ಡಿ ಸಿಕ್ಕಿತು.
ವಯರುಗಳನ್ನು ಅದರ ಸುತ್ತ ಬಳಸಿ ಚುಚ್ಚಿದೆ.

ಎರಡು ನೂರಾ ಹನ್ನೆರಡು ಚಿತ್ರ.
ತೊಂಬತ್ತೇಳರಿಂದ ತೊಂಬತ್ತೆಂಟಕ್ಕೆ
ಎಲ್ಲ ನಕ್ಷತ್ರವೂ ಒಮ್ಮೆಲೇ ಪಡುವಣಕ್ಕೆ ಜಿಗಿದಿದೆ.
ಆ ನಡುವೆ ಅವು ಏನು ಮಾಡಿದವೋ,
ನಾನು ಬ್ಯಾಟರಿಗೆ ಕಾವು ಕೊಡುತ್ತಿದ್ದೆ.

ಎಲ್ಲವನ್ನೂ ಒಂದರ ಮೇಲೊಂದು ಪೇರಿಸಿ
ಬಂದದ್ದನ್ನು ಅಚ್ಚು ಹಾಕಿಸಿ ಒಯ್ದೆ:
ವ್ಯಾಧನ ಕತ್ತಿಯ ನಡುವಿನ ಆ ಮಬ್ಬು, ಆ ಬಿಳಿ.
ದಾವಲಬಿ ಕನ್ನಡಕ ಏರಿಸಿ ಬೆಳಕಿಗೆ ಹಿಡಿದಳು.
"ಅರಳೆ," ಅಂದಳು.
"ಯಾರೋ ಸರಿಯಾಗಿ ಹಿಂಜಿಲ್ಲ.
ಇಲ್ಲಿ ನೋಡು, ಗಂಟು ಉಳಿದಾವೆ."

ಆ ಗಂಟುಗಳೇ, ಎಂದು ಬಾಯಿ ತೆರೆದೆ.
ಅಷ್ಟರಲ್ಲಿ ಗಿರಾಕಿ ಬಂದರು, ಮದುವೆಗೆ ಡಬಲ್ ಗಾದಿ.
ಟೇಪು ಹಿಡಿದು ಎದ್ದವಳು ತಿರುಗಿ ಅಂದಳು:
"ಆ ಬ್ಯಾಟರಿದು ಅಳತೆ ತಗೊಂಡು ಬಾ."