ಚೀಟಿಯ ಹಿಂದೆ ಬರೆದದ್ದು

ಧನುರ್ಮಾಸದ ಭಾನುವಾರ, ಐದೂಮುಕ್ಕಾಲು.
ಮಂಡ್ಯದ ಸ್ಟೇಡಿಯಂ ಗೇಟಿನಲ್ಲಿ ಎಲ್ಲರ ಉಸಿರೂ ಬಿಳಿ.
ಎದೆಗೆ ನಾಲ್ಕು ಪಿನ್ನು ಚುಚ್ಚಿದ ನಂಬರು: 318.
ಇಪ್ಪತ್ತೆರಡು ವರ್ಷ ಖಾಕಿಗೆ ಬಿಲ್ಲೆ ಸಿಕ್ಕಿಸಿಕೊಂಡವಳಿಗೆ
ಇದೇನು ಹೊಸದಲ್ಲ.

ಹೊಸದು ಹೆಗಲು.
ಚೀಲವಿಲ್ಲ, ಮೆಷೀನಿಲ್ಲ,
ಚಿಲ್ಲರೆಯ ಭಾರ ಸೊಂಟಕ್ಕೆ ಬಡಿಯುವುದಿಲ್ಲ.
ಆದರೂ ಎಡಗೈ ಹೊಟ್ಟೆಗೆ ಅಂಟಿಕೊಂಡೇ ಇದೆ,
ಇಲ್ಲದ ಚೀಲವನ್ನು ಕಾಯುತ್ತ.
"ಬುಡವ್ವ ಆ ಕೈಯ, ಯಾರೂ ಕಿತ್ಕೊಂಡೋಗಕಿಲ್ಲ"
ಎಂದು ಮೂರು ತಿಂಗಳಿಂದ ಹೇಳುತ್ತಿದ್ದಾರೆ ಚಿಕ್ಕಬೋರಯ್ಯ ಮೇಷ್ಟ್ರು.

ಇವತ್ತಿಗೆ ಅವರದು ಇನ್ನೊಂದು ಅಪ್ಪಣೆ:
"ಇದು ಪಂದ್ಯ ಅಲ್ಲ ನಿಂಗೆ. ಇಪ್ಪತ್ತೊಂದು ಕಿಲೋಮೀಟ್ರು
ಸುಮ್ನೆ ಹೋಗ್ಬುಟ್ಟು ಬಾ.
ಯುಗಾದಿ ಕಳುದ್ಮೇಲೈತೆ ನಿನ್ನ ನಲವತ್ತೆರಡು.
ಇರೋ ಚಿಲ್ರೆನೆಲ್ಲ ಇವತ್ತೇ ಕೊಟ್ಬುಟ್ರೆ
ಅವತ್ತು ಯಾರ್ ತಾವ ಕೇಳೀಯ?"

ನಲವತ್ತೆರಡು ನನಗೆ ಗೊತ್ತು.
ಇಲ್ಲಿ ಹತ್ತಿದವರು ಮೈಸೂರಲ್ಲಿ ಇಳಿಯುವಷ್ಟು ದೂರ.
ದಿನಕ್ಕೆ ನಾಲ್ಕು ಸಲ, ಕಂಬಿಗೆ ಸೊಂಟ ಆನಿಸಿ ನಿಂತು,
ಹೆಂಗಸರಿಗೆ ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಡುತ್ತ
ಹೋಗಿಬಂದಿದ್ದೇನೆ.
ಓಡಿದ್ದು ಚಕ್ರ.
ನಾನು ಲೆಕ್ಕ ಇಟ್ಟವಳು.

ನಾಲೆ ಏರಿಯ ಮೇಲೆ ಮಂಜು. ಪಕ್ಕದಲ್ಲಿ ನೀರು ಹಬೆಯಾಡುತ್ತಿದೆ,
ಯಾರೋ ಒಲೆ ಹೊತ್ತಿಸಿಟ್ಟು ಹೋದ ಹಾಗೆ.
ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿವೆ,
ಡ್ರೈವರುಗಳು ಕಂಬಳಿಯೊಳಗೆ.
ಫ್ಯಾಕ್ಟರಿ ಕಡೆಯಿಂದ ಕಾಕಂಬಿ ವಾಸನೆ,
ಅರ್ಧ ಸಿಹಿ, ಅರ್ಧ ಹಳಸಲು.

ಪಾಲಿಟೆಕ್ನಿಕ್ಕಿನ ಹುಡುಗರು ದಾಟಿದರು.
ರೇಷ್ಮೆ ಇಲಾಖೆಯ ಗುಮಾಸ್ತ ದಾಟಿದ, ಮಫ್ಲರಿನ ಸಮೇತ.
ಹೋಗಲಿ, ಅವೆಲ್ಲ ಎಕ್ಸ್‌ಪ್ರೆಸ್ಸು.
ನಾನು ಷಟಲ್.
ಕೈ ಅಡ್ಡ ಹಿಡಿದ ಕಡೆಯಲ್ಲೆಲ್ಲ ನಿಲ್ಲುವುದು ನನ್ನ ಜಾತಿ.

ಹದಿನಾಲ್ಕನೇ ಕಿಲೋಮೀಟರಿನಲ್ಲಿ ಹಿಂದಿನಿಂದ ಒಬ್ಬ:
"ಕಂಡಕ್ಟ್ರಮ್ಮ! ನೀವೇ ಅಲ್ವಾ?
ದೀಪಾವಳಿ ದಿನ ಎರಡ್ರೂಪಾಯಿ ಬಾಕಿ ಕೊಡ್ದೆ ಇಳಿಸ್ಬುಟ್ರಿ!"
ನಕ್ಕ. ದಾಟಿದ.

ಬಾಕಿಯೇ!
ಚೀಟಿಯ ಹಿಂದೆ ಬರೆದುಕೊಟ್ಟ ಒಂದು ಕಾಸನ್ನೂ ನುಂಗಿದವಳಲ್ಲ ನಾನು.
ಆಮೇಲೆ ಏನಾಯಿತೋ,
ಮೇಷ್ಟ್ರ ಮಾತು ಹಿಂದಿನ ಸ್ಟಾಪಿನಲ್ಲೇ ಇಳಿದುಕೊಂಡಿತು.
ತೂಬು ಹೋಯಿತು, ಸೇತುವೆ ಹೋಯಿತು,
ಬಾಳೆಹಣ್ಣು ಹಿಡಿದು ನಿಂತಿದ್ದ ಎನ್‌ಸಿಸಿ ಹುಡುಗಿ ಹೋದಳು.
ಹದಿನೇಳಕ್ಕೆ ಅವನ ಪಕ್ಕ ಬಂದು
"ಚೀಟಿ ತೋರ್ಸು" ಅಂದೆ.
ಅವನಲ್ಲಿ ಉತ್ತರಕ್ಕೆ ಉಸಿರಿರಲಿಲ್ಲ.
ಆಗ ನೋಡಿಕೊಂಡೆ: ಎಡಗೈ
ಯಾವ ಮಾಯದಲ್ಲೋ ಬಿಡಿಸಿಕೊಂಡು
ಬಲಗೈಯ ಸಮಕ್ಕೆ ಬೀಸುತ್ತಿದೆ.

ಹತ್ತೊಂಬತ್ತರಲ್ಲಿ, ಬಲಗಾಲಿನ ಮೀನಖಂಡದಲ್ಲಿ
ಯಾರೋ ಒಂದೇ ಸೀಟಿ ಊದಿದರು.
ಒಂದು ಸೀಟಿ ಅಂದರೆ ನಿಲ್ಲಬೇಕು.
ಅದು ಯಾರಿಗಿಂತ ನನಗೆ ಚೆನ್ನಾಗಿ ಗೊತ್ತು.
ಉಳಿದ ಎರಡು ಕಿಲೋಮೀಟರು ನಡೆದೆ.
ಆ ಹುಡುಗ ಮತ್ತೆ ದಾಟಿದ, ಈ ಸಲ ಮಾತಾಡದೆ.

ಕೊನೆಯಲ್ಲಿ ಮೇಷ್ಟ್ರು ಗಡಿಯಾರ ನೋಡಲಿಲ್ಲ.
"ಕೈ ಬುಟ್ಟಂಗದೆ" ಅಂದರು.
ಆಮೇಲೆ ಕಾಲು ನೋಡಿ ಬೈದರು,
ಕಳ್ಳೇಕಾಯಿ ಮಾರುವವನು ತಿರುಗಿ ನೋಡುವ ಹಾಗೆ.
"ನಾಳೆ ರಜಾ ಹಾಕು."

ಹಾಕಲಿಲ್ಲ.
ಸೋಮವಾರ ಆರೂಇಪ್ಪತ್ತರ ಗಾಡಿ,
ಒಂದೇ ಕಾಲಿನ ಮೇಲೆ ನಿಂತು ರೈಟ್ ಅಂದೆ.
ಹುಡುಗ ಯಾವ ಸ್ಟಾಪಿನಲ್ಲೂ ಹತ್ತಲಿಲ್ಲ.
ಎರಡು ರೂಪಾಯಿ ಬೇರೆ ಜೇಬಿನಲ್ಲಿಟ್ಟಿದ್ದೇನೆ.

ಯಲಿಯೂರಿನಲ್ಲಿ ಹತ್ತಿದ ಅಜ್ಜ ಐನೂರರ ನೋಟು ಚಾಚಿದ.
ಆಮೇಲೆ ಕೊಡ್ತೀನಿ ಎಂದು
ಅವನ ಚೀಟಿಯ ಹಿಂದೆ ಬಾಕಿ ಬರೆದೆ.
ಕಣ್ಣಿನ ಹತ್ತಿರ ಹಿಡಿದು ಓದಿ, ಕೇಳಿದ:
"ಐನೂರು ಕೊಟ್ರೆ ಬರೀ ಇಪ್ಪತ್ತೊಂದೇನವ್ವ ಉಳಿಯಾದು?"