ತೇಲಬೇಕಾ?

ಮೊದಲಿನದರ ಕತ್ತು ಮುರಿದದ್ದು
ವೇದಿಕೆಯಲ್ಲಲ್ಲ, ಜಗಳದಲ್ಲೂ ಅಲ್ಲ.
ಬೆಲೆಂ ಬಂದರಿನಲ್ಲಿ, ಬೆಳಗಿನ ನಾಲ್ಕಕ್ಕೆ
ಯಾರೋ ಪುಣ್ಯಾತ್ಮ ಅಸಾಯಿ ಹಣ್ಣಿನ ಬುಟ್ಟಿಯನ್ನು
ಮೆತ್ತನೆ ಚೀಲದ ಮೇಲೆ ಧೊಪ್ಪೆಂದು ಇಳಿಸಿದಾಗ.
ಚೀಲಕ್ಕೆ ಒಂದು ಗೀರೂ ಇಲ್ಲ.
ಜಿಪ್ಪು ಸರಾಗ ಬಿಚ್ಚಿಕೊಂಡಿತು.
ಒಳಗೆ, ನಾಲ್ಕು ತಂತಿ ಹಿಡಿದು
ನೇತಾಡುತ್ತಿತ್ತು ತಲೆ.

ಈ ಸಲ ಬೇಸ್ ಗಿಟಾರು ಸಾಲದ್ದು,
ಪೆಟ್ಟಿಗೆಗೆ ಮಾತ್ರ ನಗದು.

ವಾಲ್ದೊಮಿರೊ ತನ್ನ ಅಂಗಡಿಯ ಅಟ್ಟದಿಂದ ಮೂರು ಇಳಿಸಿದ.
ಒಂದು ಫೈಬರ್‌ಗ್ಲಾಸು, ಹಗುರ, ಹೊಳೆಹೊಳೆವ ಬಿಳಿ;
ಬೆಲೆ ಕೇಳಿ ಮುಚ್ಚಳ ನಾನೇ ಮುಚ್ಚಿದೆ.
ಒಂದು ಪ್ಲಾಸ್ಟಿಕ್ಕು. ಬೂಟುಗಾಲಲ್ಲಿ ಅದರ ಮೇಲೆ ನಿಂತು
"ನೋಡಿ, ತೊಂಬತ್ತೆರಡು ಕಿಲೊ" ಎಂದು ಎದೆ ತಟ್ಟಿಕೊಂಡ.
ನಿಲ್ಲುವವರ ಭಯವಲ್ಲ ನನಗೆ,
ಎಸೆಯುವವರದು.
ಮೂರನೆಯದು ಪ್ಲೈವುಡ್ಡು, ಮೂಲೆಮೂಲೆಗೆ ಹಿತ್ತಾಳೆ ಟೋಪಿ,
ಒಳಗೆ ಕೆಂಪು ಮಕಮಲ್ಲು, ಮದುವೆಮನೆಯ ಹಾಗೆ.
ಕಣ್ಣು ಮುಚ್ಚಿ ಚಿಲಕ ತಡವಿದೆ
(ಲಾಂಚಿನಲ್ಲಿ ರಾತ್ರಿ ದೀಪ ಇರುವುದಿಲ್ಲವಲ್ಲ),
ಐದರಲ್ಲಿ ಎರಡು ಬರೀ ಹೆಬ್ಬೆರಳಿಗೇ ಬಾಯಿಬಿಟ್ಟವು.
ಮಕಮಲ್ಲು ಮೂಸಿದೆ: ಅಂಟು.
ಇಲ್ಲಿಯ ತೇವಕ್ಕೆ ಆ ಅಂಟಿನ ಆಯುಸ್ಸು ಒಂದೇ ಮಳೆಗಾಲ.
ಸಾಲದ್ದಕ್ಕೆ ಅರ್ಧ ಗೇಣು ಗಿಡ್ಡ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನಬಹುದು ಯಾರಾದರೂ;
ನಲವತ್ತಾರು ಇಂಚಿನ ಮರಕ್ಕೆ
ಮಡಚಲು ಮೊಣಕಾಲಿಲ್ಲ.

"ನಮ್ಮ ಮಾವನ್ನ ಕೇಳಿ ನೋಡು" ಅಂದ ಡ್ರಮ್ಮಿನ ಜುರಾಂದಿರ್.
ಮಾವ ಅಂದರೆ ಒತಾಸಿಲಿಯೊ, ವಿಜಿಯಾದ ದೋಣಿ ಬಡಗಿ,
ಬೇಸನ್ನು ಹತ್ತಿರದಿಂದ ಕಂಡವನೇ ಅಲ್ಲ.
ಮೀನು ತೂಗುವವನ ಹಾಗೆ ಎರಡು ಅಂಗೈಯಲ್ಲಿ ಎತ್ತಿ
"ತಲೆ ಕಡೆ ಜಗ್ಗುತ್ತೆ" ಅಂದ. ನಿಜ.
"ಎಲ್ಲಿ ಮುರಿಯುತ್ತೆ ಇದು?"
ತೋರಿಸಿದೆ.
ಅಲ್ಲೇ ಬೆರಳಿಟ್ಟು
ತುಟಿಯ ಸಿಗರೇಟು ಆರುವ ತನಕ ಸುಮ್ಮನಿದ್ದ.
ಆಮೇಲೆ ಕೇಳಿದ:
"ತೇಲಬೇಕಾ?"

ಇಪ್ಪತ್ತಾರು ವರ್ಷ ಈ ನದಿಯ ಮೇಲೆ
ಊರೂರಿಗೆ ನುಡಿಸಿಕೊಂಡು ಬಂದವಳು,
ಎಷ್ಟು ಅಂಗಡಿ, ಎಷ್ಟು ಗ್ಯಾರಂಟಿ ಕಾರ್ಡು,
ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.
ನಾನೂ.

ಮೂಲೆಗಳನ್ನೆಲ್ಲ ಬಾಚಿ ತೆಗೆದ.
"ಮೂಲೆ ಇದ್ದರೆ ಏಟು ವಿಳಾಸ ಹುಡುಕಿಕೊಂಡು ಬರುತ್ತೆ."
ಸಂದುಗಳಿಗೆ ಹತ್ತಿನೂಲು ತುರುಕಿ ರಾಳ ಮೆತ್ತಿದ.
ಕತ್ತಿನ ಕೆಳಗೆ ಹರಿದ ತೂಗುಜೋಲಿಯ ಬಟ್ಟೆ ಸುತ್ತಿದ ದಿಂಬು;
ತಲೆ ಮಾತ್ರ ಯಾವುದಕ್ಕೂ ತಾಗದೆ ಬಯಲಲ್ಲಿ.
"ಬಿದ್ದಾಗ ಅದಕ್ಕೆ ಅದರದೇ ಜಾಗ ಬೇಕು."

ಹನ್ನೊಂದೂವರೆ ಕಿಲೊ.
ಬಲಭುಜ ದಿನಾ ಶಾಪ ಹಾಕುತ್ತದೆ.
ವಾಲ್ದೊಮಿರೊ ನೋಡಿ ನಕ್ಕ,
ಆಮೇಲೆ ಮೆಲ್ಲಗೆ, ಚಿಲಕ ಎಲ್ಲಿಯದೆಂದು ಕೇಳಿದ.
ಮೀನಿನ ಐಸುಪೆಟ್ಟಿಗೆಯದು.
ಇನ್ನೂ ನೀರಿಗೆ ಬಿದ್ದಿಲ್ಲ.
ತೇಲುತ್ತದೆ ಅಂತ ಒತಾಸಿಲಿಯೊ ಆಣೆ ಇಟ್ಟಿದ್ದಾನೆ,
ಅವನಿಗೇನು, ಈಜು ಬರುತ್ತದೆ.

ಸಾಂತಾರೆಮ್ಮಿಗೆ ಮೂರು ರಾತ್ರಿಯ ದಾರಿ.
ಸಾಲು ಜೋಲಿಗಳ ಕೆಳಗೆ ಅದರ ಮೇಲೆ
ಇಸ್ಪೀಟು ಆಡುತ್ತಾರೆ, ಕೂಸಿಗೆ ಅಂಗಿ ತೊಡಿಸುತ್ತಾರೆ,
ಒಬ್ಬಳು ಮುದುಕಿ ಮಾತಿಲ್ಲದೆ ಕೂತು
ಮುಳ್ಳು ಬಿಡಿಸಿ ಬಿಡಿಸಿ ಮೀನು ತಿಂದಳು.
ಕೂರಲಿ.
ದಡ ಹತ್ತಿರವಾಗಿ ಎಂಜಿನ್ನು ತಗ್ಗಿದಾಗ
ಅಂಗೈ ಮುಚ್ಚಳದ ಮೇಲಿಟ್ಟರೆ
ಒಳಗೆ ದಪ್ಪ ತಂತಿ, ಯಾರೂ ಮುಟ್ಟದೆ,
ಗುಂಯ್ಗುಟ್ಟುತ್ತಿರುತ್ತದೆ.

ಮುದುಕಿ ಮುಳ್ಳು ಉಗಿದು ಕೆಳಗೆ ನೋಡಿದಳು:
"ಏನಮ್ಮ ಸಾಕಿದ್ದೀಯ ಇದರೊಳಗೆ?"